ಶುಗರ್ ಇದೆ ಎಂದು ಸ್ಟ್ರೋಕ್ ಇಂಜೆಕ್ಷನ್ ಬೇಡ ಎನ್ನಬೇಕೆ?

ನಮ್ಮಲ್ಲಿ ಶುಗರ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಮದುವೆ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಮೇಲೆ ಸಿಹಿಯನ್ನೂ ತಿಂದು, 'ಒಂದು ಮಾತ್ರೆ ಜಾಸ್ತಿ ತಗೊಂಡ್ರೆ ಆಯ್ತು' ಅನ್ನುವವರೂ ನಾವೇ. ಇದೇ ಶುಗರ್ ಸ್ಟ್ರೋಕ್ ಆದ ದಿನ ನಮ್ಮೆದುರು ಕಠಿಣ ಪ್ರಶ್ನೆಯಾಗಿ ನಿಲ್ಲುತ್ತದೆ.

ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದರೆ, ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 'ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಶುಗರ್ ಏರಿರುವುದರಿಂದ ಅಪಾಯ ಹೆಚ್ಚು' ಎಂದು ವೈದ್ಯರು ಹೇಳಿದ ಕೂಡಲೇ ಸಹಿ ಹಾಕುವ ಕೈ ನಡುಗುತ್ತದೆ. 'ದುಬೈಯಲ್ಲಿರುವ ಮಗನನ್ನು ಕೇಳೋಣ, ಕಾಕ ಬರಲಿ' ಅನ್ನುತ್ತಾ ಕೂರುತ್ತೇವೆ. ಸಮಯ ಯಾರಿಗೂ ಕಾಯುವುದಿಲ್ಲ.

ವೈದ್ಯರ ಮಾತು ಸುಳ್ಳಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ದರೆ, ಮೊದಲೇ ಬಳಲಿದ ಸಣ್ಣ ರಕ್ತನಾಳಗಳ ಗೋಡೆ ಇನ್ನಷ್ಟು ದುರ್ಬಲವಾಗುತ್ತದೆ. ಹೆಪ್ಪು ಕರಗಿ ರಕ್ತ ಮತ್ತೆ ಹರಿದಾಗ ಅಲ್ಲಿ ಸೋರಬಹುದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಸಿದ್ಧ ಅಧ್ಯಯನದಲ್ಲಿ, ಮೂರು ಗಂಟೆಯೊಳಗೆ ಈ ಮದ್ದು ಪಡೆದ 100 ಮಂದಿಯಲ್ಲಿ ಸುಮಾರು 6 ಮಂದಿಗೆ ತೊಂದರೆ ಕೊಡುವಂಥ ರಕ್ತಸ್ರಾವವಾಯಿತು. ಪಡೆಯದವರಲ್ಲಿ ಇದು 1ಕ್ಕಿಂತ ಕಡಿಮೆ. ಹಾಗಿದ್ದರೂ ಮೂರು ತಿಂಗಳ ನಂತರ ಸ್ವಂತ ಕಾಲ ಮೇಲೆ ನಿಂತವರು ಮದ್ದು ಪಡೆದವರಲ್ಲೇ ಹೆಚ್ಚು. ಸಾವು ಹೆಚ್ಚಲಿಲ್ಲ.

ಹಾಗಾಗಿ ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಇಂಜೆಕ್ಷನ್ ಬೇಡ ಎನ್ನುವುದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಸಿಟಿ ಸ್ಕ್ಯಾನ್, ಬಿಪಿ, ಶುಗರ್ ನೋಡಿ ತೂಗಿ ಹೇಳಬೇಕಾದವರು ವೈದ್ಯರು. ಶುಗರ್ ತೀರಾ ಇಳಿದರೂ ಸ್ಟ್ರೋಕಿನಂತೆಯೇ ಕಾಣಿಸುತ್ತದೆ. ಬೆರಳು ಚುಚ್ಚಿ ನೋಡುವುದು ಅದಕ್ಕೇ.

ಆ ಹೊತ್ತಿಗೆ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಗಬಕ್ಕನೆ ಇಳಿಸಿದರೆ ಆಗದೇ? 2019ರಲ್ಲಿ ಹೊರಬಂದ ದೊಡ್ಡ ಅಧ್ಯಯನವೊಂದು ತೀರಾ ಬಿಗಿಯಾಗಿ ಇಳಿಸಿದ್ದರಿಂದ ಲಾಭ ಕಾಣಲಿಲ್ಲ ಎಂದಿತು. ಶುಗರ್ ಅಪಾಯಕಾರಿಯಾಗಿ ಕುಸಿದದ್ದೂ ಉಂಟು. ಅಂದರೆ ವರ್ಷಗಟ್ಟಲೆ ಬಿಟ್ಟದ್ದನ್ನು ಒಂದು ಗಂಟೆಯಲ್ಲಿ ಸರಿಪಡಿಸಲಾಗದು. ಔಷಧ, ನಡಿಗೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಇವು ಇಂದೇ ಆಗಬೇಕು.

ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ರೋಗಿ ಕೊನೆಯ ಬಾರಿ ಸರಿಯಿದ್ದ ಸಮಯವನ್ನು ಬರೆದಿಟ್ಟುಕೊಳ್ಳಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ತಪ್ಪದೇ ಹೇಳಿ. ಸಹಿ ಯಾರು ಹಾಕಬೇಕು ಎಂಬುದನ್ನು ಮನೆಯವರು ಈಗಲೇ ಕುಳಿತು ತೀರ್ಮಾನಿಸಲಿ.

ನಮ್ಮ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಎಷ್ಟು ಚೆನ್ನಾಗಿ ನಡೆಸುತ್ತವೆ ಎಂದು ನಮಗೆಲ್ಲ ಗೊತ್ತು. ಅದೇ ಶಾಮಿಯಾನದಡಿ ಒಂದು ಮೇಜು ಶುಗರ್ ತಪಾಸಣೆಗೆ, ಹತ್ತು ನಿಮಿಷ ಈ ಮಾತಿಗೆ ಮೀಸಲಿಟ್ಟರೆ ಎಷ್ಟೋ ಮನೆಗಳು ಉಳಿದಾವು.