ಬಳಸದ ಸಾಮಾನು ಮನೆಯಲ್ಲಿರಬೇಕೇ?

ಒಂದು ವರ್ಷ ಕೈಗೆತ್ತಿಕೊಳ್ಳದ ವಸ್ತುವನ್ನು ಮನೆಯಿಂದ ಆಚೆ ಹಾಕಬೇಕು ಎಂಬ ಸೂತ್ರ ಈಗ ಕರ್ನಾಟಕದ ನಗರಗಳ ಮನೆಗಳಲ್ಲೂ ಕೇಳಿಬರುತ್ತಿದೆ. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ಅವರ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾಯಿತು. ಮುಟ್ಟಿದಾಗ ಸಂತೋಷ ಕೊಡುವುದನ್ನಷ್ಟೇ ಇಟ್ಟುಕೊಳ್ಳಿ ಎಂಬ ಅವರ ಮಾತು ಅಲ್ಲಿಂದ ಲೋಕವೆಲ್ಲ ಹರಡಿತು. ಮನೆ ಹಸನು ಮಾಡುವ ರೂಢಿಯೇನೋ ಇಲ್ಲಿ ಹಳೆಯದೇ. ಯುಗಾದಿಗೆ ಮುಂಚೆ ಧೂಳು ಹೊಡೆದು ಸುಣ್ಣ ಬಳಿಯುತ್ತಿದ್ದರು, ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುತ್ತಿದ್ದರು. ಆದರೆ ಆಗೆಲ್ಲ ಅಟ್ಟದಿಂದ ಇಳಿಸಿದ ಸಾಮಾನು ತೊಳೆದ ಮೇಲೆ ಮತ್ತೆ ಅಟ್ಟಕ್ಕೇ ಏರುತ್ತಿತ್ತು. ಅದನ್ನು ಮನೆಯಿಂದಲೇ ಕಳಿಸಿಬಿಡಬೇಕು ಎಂಬುದು ಹೊಸ ಮಾತು. ವಾದವಿರುವುದು ಅದರ ಬಗ್ಗೆ.

ಪರ

ಕಳಿಸಬೇಕು ಎನ್ನುವವರ ಮೊದಲ ಆಧಾರ ಆರೋಗ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳೆನೀರಿಗಿಂತ ಮನೆಯ ಸುತ್ತ ನಿಂತ ತಿಳಿನೀರನ್ನು ಹುಡುಕುತ್ತದೆ. ತಾರಸಿಯ ಮೂಲೆಯಲ್ಲಿ ಬಿಟ್ಟ ಒಡಕು ಬಕೆಟ್ಟು, ಹಿತ್ತಲಿನ ಟೈರು, ಗಿಡ ಒಣಗಿಹೋದ ಹೂಕುಂಡದ ತಟ್ಟೆ ಅದಕ್ಕೆ ಸಾಕು. ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿದ ಮೊಟ್ಟೆಗಳು ನೀರು ಆರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮಳೆ ಬಂದು ನೀರು ಅಲ್ಲಿಯವರೆಗೆ ಏರಿದರೆ ಮೊಟ್ಟೆ ಒಡೆದು, ಎಂಟು-ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ಬೇಡದ ಪಾತ್ರೆಯೇ ಅಲ್ಲಿರಬಾರದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಹಾಕುವ ನಿಯಮ ತಂದಿತು.

ಮನೆಯೊಳಗೂ ಕಥೆ ಇದೇ. ರಟ್ಟಿನ ಡಬ್ಬಗಳ ಸಂದಿ ಜಿರಲೆಗೆ ಹೇಳಿ ಮಾಡಿಸಿದ ಜಾಗ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಬಟ್ಟೆ ಗಂಟಿಗೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ಒತ್ತಿಟ್ಟ ಕಾಗದದ ಕಟ್ಟಿಗೆ ಗೆದ್ದಲು ಹತ್ತುತ್ತದೆ. ಇಳಿವಯಸ್ಸಿನವರು ಎಡವಿ ಬೀಳುವುದಕ್ಕೆ ನಡುಮನೆಯ ದಾರಿಯಲ್ಲಿ ಕಟ್ಟಿಟ್ಟ ಹಳೆ ಪೇಪರು, ಸ್ಟೂಲು, ಮಡಚಿದ ಚಾಪೆಗಳೂ ಕಾರಣ.

ಮನಸ್ಸಿನ ಮಾತೂ ಇದೆ. ಲಾಸ್ ಏಂಜಲೀಸಿನ ಕುಟುಂಬಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಂಪತಿಗಳು ತಮ್ಮ ಮನೆಯನ್ನು ತಾವೇ ಬಣ್ಣಿಸಿದ್ದರು. ಸಾಮಾನು ಕಿಕ್ಕಿರಿದಿದೆ, ಕೆಲಸ ಮುಗಿದೇ ಇಲ್ಲ ಎಂದ ಹೆಂಗಸರಲ್ಲಿ, ಬೆಳಗ್ಗೆ ಏರಿ ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸರಿಯಾಗಿ ಇಳಿದಿರಲಿಲ್ಲ. ಗಂಡಸರಲ್ಲಿ ಆ ನಂಟು ಅಷ್ಟಾಗಿ ಕಾಣಲಿಲ್ಲ. ನಮ್ಮ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ರಾಶಿಯನ್ನು ನಾಳೆ ತೆಗೆದಿಡಬೇಕಾದವರಿಗೇ ಅದು ಇವತ್ತು ಕಣ್ಣಿಗೆ ಚುಚ್ಚುತ್ತದೆ.

ಒಪ್ಪ-ಓರಣದ ಅತಿ ದೊಡ್ಡ ಲಾಭವೂ ಇಲ್ಲೇ ಇದೆ. ಸಾಸಿವೆ ಡಬ್ಬಿ, ಗ್ಯಾಸಿನ ಪುಸ್ತಕ, ಜ್ವರದ ಮಾತ್ರೆ, ವಿದ್ಯುತ್ ಬಿಲ್ಲುಗಳಿಗೆ ಗೊತ್ತಾದ ಜಾಗವಿದ್ದರೆ ಮನೆಯ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಜಾಗ ಗೊತ್ತಿರುವುದು ಅಮ್ಮನಿಗೊಬ್ಬಳಿಗೇ ಆದರೆ ಪ್ರತಿಯೊಂದಕ್ಕೂ ಅವಳನ್ನೇ ಕೂಗುತ್ತಾರೆ, ಅವಳು ಊರಿಗೆ ಹೋದರೆ ಮನೆ ನಿಂತುಹೋಗುತ್ತದೆ. ಸಾಮಾನು ಕಡಿಮೆಯಾದಷ್ಟೂ ಜಾಗ ಗೊತ್ತುಮಾಡುವುದು ಸುಲಭ.

ವಿರೋಧ

ಒಂದು ವರ್ಷದ ಸೂತ್ರ ಇಲ್ಲಿಯ ಮನೆಗಳ ಕಾಲಗಣನೆಗೆ ಹೊಂದುವುದಿಲ್ಲ ಎಂಬಲ್ಲಿಂದ ವಿರೋಧದ ವಾದ ಹೊರಡುತ್ತದೆ. ಹಳೆ ಮೈಸೂರಿನ ಮನೆಗಳಲ್ಲಿ ದಸರೆಯ ಗೊಂಬೆಗಳು ಹಳೆ ಪಂಚೆಯಲ್ಲಿ ಸುತ್ತಿಸಿಕೊಂಡು ವರ್ಷವಿಡೀ ಪೆಟ್ಟಿಗೆಯಲ್ಲಿರುತ್ತವೆ. ಹೊರಗೆ ಬಂದು ಕೂರುವುದು ನವರಾತ್ರಿಯ ದಿನಗಳಲ್ಲಿ ಮಾತ್ರ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳ ಮರದ ಮೈ ಸವೆದಿರುತ್ತದೆ, ಸುತ್ತಿದ ಬಟ್ಟೆ ಮಾತ್ರ ಆಗಾಗ ಹೊಸದು. ಚಕ್ಕುಲಿ ಒರಳು, ಬಾಣಂತಿಯ ಸ್ನಾನಕ್ಕೆ ಬೇಕಾಗುವ ಹಂಡೆ, ಹತ್ತಾರು ಜನ ಬಂದಾಗಷ್ಟೇ ಒಲೆಯೇರುವ ಕೊಳದಪ್ಪಲೆಗಳ ಲೆಕ್ಕವೂ ಹೀಗೆಯೇ. ಕೆಲವಕ್ಕೆ ಸರದಿ ಬರಲು ಹತ್ತು ವರ್ಷವೂ ಹಿಡಿಯಬಹುದು. ಹಾಗೆಂದು ಅವು ಬೇಡದ ಸಾಮಾನಲ್ಲ. ಹರಿದ ಸೀರೆಯ ಬಾಳು ಕೂಡ ಹರಿದ ದಿನಕ್ಕೆ ಮುಗಿಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅಂಥ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ.

ಕಾಗದದ ವಿಷಯದಲ್ಲಿ ಈ ಪಕ್ಷ ಇನ್ನೂ ಗಟ್ಟಿ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯ ಕೆಳಗೆ, ಗೇಣಿದಾರರು ತಾವು ಉಳುತ್ತಿದ್ದ ನೆಲದ ಮೇಲೆ ಹಕ್ಕು ಕೇಳಿ ನ್ಯಾಯಮಂಡಳಿಗಳ ಮುಂದೆ ನಿಂತರು. ಆಗ ವರ್ಷಗಟ್ಟಲೆ ಮಾಡಿನ ಸಂದಿಯಲ್ಲೋ ಪೆಟ್ಟಿಗೆಯ ತಳದಲ್ಲೋ ಉಳಿದಿದ್ದ ಗೇಣಿ ಚೀಟಿಯೇ ಸಾಕ್ಷಿಯಾಗಿ ನೆರವಿಗೆ ಬರುತ್ತಿತ್ತು. ಮುಟ್ಟಿದರೆ ಸಂತೋಷ ಕೊಡುತ್ತದೆಯೇ ಎಂಬ ಪ್ರಶ್ನೆಯಿಂದ ಅಂಥ ಚೀಟಿಯ ಬೆಲೆ ತಿಳಿಯುವುದಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟದ್ದು. 1909ರಲ್ಲಿ ಅದು ಅಚ್ಚಾಗುವವರೆಗೆ ಈ ಗ್ರಂಥದ ಪೂರ್ಣಪಾಠ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಯಾರೂ ಓದದೆ ಬಿದ್ದಿರುವ ಕಟ್ಟು ಎಂದು ಅದನ್ನು ಯಾರಾದರೂ ನೀರಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆಯುವುದೇ ಕಷ್ಟ.

ಸ್ಟೀಲು ಬಂದ ಕಾಲದಲ್ಲಿ ಹಿತ್ತಾಳೆ, ಕಂಚಿನ ಪಾತ್ರೆಗಳು ತೂಕದ ಲೆಕ್ಕದಲ್ಲಿ ಅಂಗಡಿ ಸೇರಿದವು. ಈಗ ಅವನ್ನೇ ಮೊಮ್ಮಕ್ಕಳು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ. ಕೆಡವಲು ಹೊರಟ ಮನೆಗಳ ಕಂಬ, ಬಾಗಿಲು, ದಿನಬಳಕೆಯ ಸಾಮಾನುಗಳನ್ನು ವಿಜಯನಾಥ ಶೆಣೈ ಅವರು ಹುಡುಕಿ ಕೂಡಿಸಿದ್ದರಿಂದ ಮಣಿಪಾಲದ ಹೆರಿಟೇಜ್ ವಿಲೇಜ್ ಎದ್ದು ನಿಂತಿತು. ಅವರು ಕಾಪಾಡಿದ್ದರಲ್ಲಿ ಎಷ್ಟೋ ವಸ್ತುಗಳು ಅವುಗಳ ಒಡೆಯರಿಗೆ ಬೇಡವಾಗಿದ್ದವು.

ಇನ್ನು, ಆಚೆ ಹಾಕಿದ್ದು ಹೋಗುವುದೆಲ್ಲಿಗೆ? ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನ ಬೀದಿಗಿಳಿದು ಹೋರಾಡಬೇಕಾಯಿತು. ಅಲ್ಲಿಗೆ ಲಾರಿಗಳು ನಿಂತದ್ದು 2014ರ ಕೊನೆಗೆ. ಬೀರು ಖಾಲಿ ಮಾಡಿದವರೇ ಮರುತಿಂಗಳು ಆನ್‌ಲೈನಿನಲ್ಲಿ ತರಿಸಿ ಅದನ್ನು ತುಂಬುವುದೂ ಇದೆ. ಕೊಂಡೊ ಅವರ ಸಂಸ್ಥೆ ಕೂಡ 2019ರ ಕೊನೆಯಲ್ಲಿ ಮನೆ ಸಾಮಾನಿನ ಆನ್‌ಲೈನ್ ಅಂಗಡಿ ತೆರೆಯಿತು. ಜೈನರ ಪಂಚವ್ರತಗಳಲ್ಲಿ ಒಂದಾದ, ಗಾಂಧೀಜಿ ಯರವಡಾ ಜೈಲಿನಿಂದ ಪತ್ರ ಬರೆದು ವಿವರಿಸಿದ ಅಪರಿಗ್ರಹ ಈ ಒಂದು ವರ್ಷದ ಸೂತ್ರಕ್ಕಿಂತ ಕಠಿಣವಾದದ್ದು. ಅದು ಕೂಡಿಹಾಕುವುದನ್ನೇ ಬೇಡವೆನ್ನುತ್ತದೆ.

ಅತಿಯಾದ ಓರಣಕ್ಕೂ ಬೆಲೆಯಿದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಪ್ಪವಾದ ಕೋಣೆಯಲ್ಲಿ ಕೂತವರು ಆರೋಗ್ಯಕರ ತಿಂಡಿ ಆರಿಸಿಕೊಂಡರು, ಹೆಚ್ಚು ದಾನ ಕೊಡಲು ಒಪ್ಪಿದರು. ಸಾಮಾನು ಹರವಿದ ಕೋಣೆಯಲ್ಲಿ ಕೂತವರಿಗೆ ಹೊಸ ಹೊಸ ಯೋಚನೆಗಳು ಹೊಳೆದವು. ಮೂರನೆಯ ಮಗುವಾದ ಮೇಲೆ ಮನೆ ಓರಣದ ಹಟವನ್ನು ಬಹುಮಟ್ಟಿಗೆ ಬಿಟ್ಟಿರುವುದಾಗಿ 2023ರಲ್ಲಿ ಕೊಂಡೊ ಅವರೇ ಹೇಳಿದರು. ಮಕ್ಕಳಿರುವ ಮನೆಯ ತಾಯಂದಿರ ಮೇಲೆ ಅಂಥ ಓರಣವನ್ನು ಹೇರುವುದು ಅನ್ಯಾಯ.

ಎರಡೂ ಪಕ್ಷ ಒಪ್ಪುವ ಸಾಮಾನೂ ಸಾಕಷ್ಟಿದೆ. ನೀರು ನಿಲ್ಲುವ ಒಡಕು ಪಾತ್ರೆ, ಅವಧಿ ಮುಗಿದ ಔಷಧ, ಮುಚ್ಚಳ ಕಳೆದ ಪಾರ್ಸಲ್ ಡಬ್ಬಿಗಳು ಈ ವಾರವೇ ಹೋಗಲಿ. ಕೆಟ್ಟ ಮೊಬೈಲು, ಚಾರ್ಜರುಗಳು ಗುಜರಿಗಲ್ಲದೆ ಇ-ತ್ಯಾಜ್ಯ ಪಡೆಯುವ ಕಡೆಗೇ ಹೋಗಬೇಕು. ಬೇರೆಯವರ ವಸ್ತುವನ್ನು, ಅದರಲ್ಲೂ ಅಜ್ಜಿಯ ಪೆಟ್ಟಿಗೆಯನ್ನು, ಅವರನ್ನು ಕೇಳದೆ ಖಾಲಿ ಮಾಡುವ ಹಕ್ಕು ಮನೆಯ ಯಾರಿಗೂ ಇಲ್ಲ. ಮೋಡಿ ಅಕ್ಷರದ ಕಡತವೋ ತಾಳೆಗರಿಯ ಕಟ್ಟೋ ಕಂಡರೆ ಎಣ್ಣೆ ಹಚ್ಚದೆ, ದಾರ ಬಿಚ್ಚದೆ, ಒಂದು ಫೋಟೊ ತೆಗೆದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೋ ತೋರಿಸಿ. ಓದಬಲ್ಲವರು ನೋಡುವವರೆಗೆ ಅದನ್ನು ರದ್ದಿಗೆ ಹಾಕಬೇಡಿ.