ಪ್ರವಾಸಿಗೆ ತೆರೆದ ಗಡಿ ರೋಗಿಗೂ ತೆರೆಯಲಿ

ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ತಾಲೂಕಿನಲ್ಲಿ ಮಾರಂಡಹಳ್ಳಿ ಎಂಬ ಊರಿದೆ. ಬೆಂಗಳೂರಿನಿಂದ ಹೊಸೂರು, ರಾಯಕೋಟೆ ಮಾರ್ಗವಾಗಿ ಸೇಲಂಗೆ ಹೋಗುವ ರೈಲು ಹಾದಿಯಲ್ಲಿ ಅದಕ್ಕೊಂದು ನಿಲ್ದಾಣವೂ ಇದೆ. ಊರು ತಮಿಳುನಾಡಿನದು, ಹೆಸರಿನ ಕೊನೆಯ 'ಹಳ್ಳಿ' ಮಾತ್ರ ನಮ್ಮದು. ಬೀದಿಯಲ್ಲಿ ತಮಿಳು, ಕೆಲವು ಮನೆಗಳಲ್ಲಿ ಕನ್ನಡ, ಇನ್ನು ಕೆಲವು ಮನೆಗಳಲ್ಲಿ ತೆಲುಗು. ಅಲ್ಲಿಯ ಎಷ್ಟೋ ಮಂದಿಗೆ ದುಡಿಮೆಗೂ ಬೆಂಗಳೂರು, ದೊಡ್ಡ ಕಾಯಿಲೆಗೂ ಬೆಂಗಳೂರು. ಕಾಸರಗೋಡಿನವರಿಗೆ ಮಂಗಳೂರು ಇದ್ದಂತೆ ಎಂದರೆ ನಮ್ಮ ವಾಚಕರಿಗೆ ಬೇರೆ ವಿವರಣೆ ಬೇಕಾಗದು.

ಬಂಧುಗಳ ಮನೆಯ ಮದುವೆಗೆಂದು ಅಲ್ಲಿಗೆ ಹೋಗಿದ್ದಾಗ ನಾವು ಒಬ್ಬ ವೃದ್ಧ ದಂಪತಿಯನ್ನು ಕಂಡೆವು. ಯಜಮಾನರು ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಚ್ಚುಮೊಳೆ ಜೋಡಿಸಿದವರು. ಕೈ ನಡುಗತೊಡಗಿದಾಗ ಊರಿಗೆ ಮರಳಿದವರು. ಅವರ ಮನೆಯಾಕೆಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಕಣ್ಣಿಗೆ ಚುಚ್ಚುಮದ್ದು ಕೊಡುತ್ತಿದ್ದರು. 2020ರ ಮಾರ್ಚಿನಲ್ಲಿ ರೈಲು ನಿಂತಿತು, ಬಸ್ಸು ನಿಂತಿತು, ಗಡಿಗೆ ಇ-ಪಾಸ್ ಬಂತು. ಮಗ ಹೇಗೋ ಪಾಸು ಮಾಡಿಸಿ ಕಾರಿನಲ್ಲಿ ಕರೆದೊಯ್ದರೆ, ಯಾವುದೋ ಕಾಗದ ಸಾಲದೆಂದು ಗಡಿಯಿಂದಲೇ ಹಿಂದಕ್ಕೆ ಕಳುಹಿಸಿದರಂತೆ. ಚಿಕಿತ್ಸೆ ತಿಂಗಳುಗಟ್ಟಲೆ ತಪ್ಪಿತು. ಇಂದು ಆಕೆಗೆ ಒಂದು ಕಣ್ಣಿನ ದೃಷ್ಟಿ ಇಲ್ಲ. "ಮೇಷ್ಟ್ರೇ, ಅವಳಿಗೆ ಉಸಿರು ಕಟ್ಟಿದ್ದರೆ ಗಾಡಿ ಬಿಡುತ್ತಿದ್ದರು. ಕಣ್ಣು ಹೋಗುತ್ತಿದೆ ಎಂದರೆ ಅದು ತುರ್ತು ಅಲ್ಲವಂತೆ" ಎಂದು ಆ ಹಿರಿಯರು ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು.

ಈ ಮಾತನ್ನು ನಾವು ಕಾಸರಗೋಡಿನ ಪತ್ರಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. ಅದೇ 2020ರ ಮಾರ್ಚಿನಲ್ಲಿ ತಲಪಾಡಿಯ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಗ ಕೇರಳದಲ್ಲೇ ನಮ್ಮ ಜಿಲ್ಲೆಯಲ್ಲಿ ಸೋಂಕು ಹೆಚ್ಚಾಗಿದ್ದುದರಿಂದ ಕರ್ನಾಟಕಕ್ಕೆ ಭಯವಿದ್ದದ್ದು ಸಹಜವೇ. ಆದರೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹತ್ತಕ್ಕೂ ಹೆಚ್ಚು ರೋಗಿಗಳು ದಾರಿ ಸಿಗದೆ ಮಡಿದರೆಂದು ಪತ್ರಿಕೆಗಳು ಬರೆದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಕೇಂದ್ರಕ್ಕೆ ಆಜ್ಞೆ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳ ಸಾಗಾಟಕ್ಕೆ ಒಂದು ಕ್ರಮ ಒಪ್ಪಿತವಾಯಿತು. ಒಬ್ಬ ರೋಗಿ ಇಪ್ಪತ್ತು ಮೈಲಿಯೊಳಗಿನ ಆಸ್ಪತ್ರೆಗೆ ಹೋಗುವುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ಬಡಿಯಬೇಕಾಯಿತೆಂಬುದನ್ನು ನಾವು ಇಷ್ಟು ಬೇಗ ಮರೆಯಬಾರದು.

ಮುಂದಿನ ವರ್ಷದ ಕಥೆಯನ್ನೂ ನೆನೆಯೋಣ. 2021ರ ಜುಲೈ ಕೊನೆಯಿಂದ ಕೇರಳದಿಂದ ಕರ್ನಾಟಕಕ್ಕೆ ಹೋಗುವವರು, ಎರಡು ಲಸಿಕೆ ಹಾಕಿಸಿಕೊಂಡಿದ್ದರೂ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಚೀಟಿ ತೋರಿಸಬೇಕಾಯಿತು. ಈ ನಿಯಮ ಸಡಿಲವಾದದ್ದು 2022ರ ಫೆಬ್ರವರಿಯಲ್ಲಿ. ಅತ್ತ ತಮಿಳುನಾಡು ಕರ್ನಾಟಕದ ಕಡೆಗೆ ಬಸ್ಸು ಬಿಟ್ಟದ್ದು 2021ರ ಆಗಸ್ಟ್ 23ರಿಂದ. ಕೇರಳದ ಕಡೆಗೆ ಡಿಸೆಂಬರ್ 1ರಿಂದ. ಇವೆರಡರ ನಡುವೆ, 2021ರ ನವೆಂಬರ್ 15ರಂದು, ಭಾರತ ಸರಕಾರ ವಿದೇಶೀ ಪ್ರವಾಸಿಗಳಿಗೆ ದೇಶದ ಬಾಗಿಲು ತೆರೆಯಿತು. ಮೊದಲ 5 ಲಕ್ಷ ಪ್ರವಾಸಿ ವೀಸಾಗಳಿಗೆ ಶುಲ್ಕವೂ ಇಲ್ಲವೆಂದು ಸಾರಿತು. ಪ್ರವಾಸಿಯೂ ಪರೀಕ್ಷೆಯ ಚೀಟಿ ತರಬೇಕಿತ್ತು, ನಿಜ. ಆದರೆ ಅವನು ಅದನ್ನು ಇಡೀ ಪ್ರವಾಸಕ್ಕೆ ಒಮ್ಮೆ ತಂದರೆ ಸಾಕಿತ್ತು. ಮಂಜೇಶ್ವರದ ಅಜ್ಜಿ ಮಂಗಳೂರಿನ ವೈದ್ಯರನ್ನು ಕಾಣಲು ಹೊರಟಾಗಲೆಲ್ಲ ತರಬೇಕಿತ್ತು. ಕಡಲಾಚೆಯಿಂದ ಬರುವವನಿಗೆ ಹಾಸಿದ ಚಾಪೆಯನ್ನು ಪಕ್ಕದೂರಿನ ರೋಗಿಗೆ ಹಾಸಲಿಲ್ಲವೆಂದೇ ನಮ್ಮ ದೂರು.

ತುರ್ತು ರೋಗಿಗಳಿಗೆ ವಿನಾಯಿತಿ ಇತ್ತಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇತ್ತು. ದೋಷವಿರುವುದೇ ಆ 'ತುರ್ತು' ಎಂಬ ಮಾತಿನಲ್ಲಿ. ಅಪಘಾತ ತುರ್ತು, ಹೆರಿಗೆ ತುರ್ತು, ಹೃದಯಾಘಾತ ತುರ್ತು. ಆದರೆ ಮುದಿತನದ ಕಾಯಿಲೆಗಳು ಗಂಟೆ ಬಾರಿಸಿಕೊಂಡು ಬರುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡ, ಕಣ್ಣು ಇವೆಲ್ಲ ಇಂದು ನೋಡದಿದ್ದರೂ ನಡೆಯುತ್ತದೆ ಎನಿಸುವಂಥವು. ಹಾಗೆಂದು ಆರು ತಿಂಗಳು ನೋಡದೆ ಬಿಟ್ಟರೆ ಮತ್ತೆ ಸರಿಪಡಿಸಲಾಗದಂಥವು. ಠಾಣೆಯಲ್ಲಿ ನಿಂತ ಪೊಲೀಸನಿಗೆ ಇದು ತಿಳಿಯಬೇಕೆಂದು ನಾವು ಹೇಳುವುದಿಲ್ಲ. ಅವನ ಕೈಗೆ ಆದೇಶ ಬರೆದು ಕೊಟ್ಟವರಿಗೆ ತಿಳಿದಿರಬೇಕಿತ್ತು.

ಹಾಗೆಂದು ಪ್ರವಾಸೋದ್ಯಮವನ್ನು ತೆರೆದದ್ದೇ ತಪ್ಪೆಂದು ನಮ್ಮ ವಾದವಲ್ಲ. ಮಾರಂಡಹಳ್ಳಿಯಿರುವ ಧರ್ಮಪುರಿ ಜಿಲ್ಲೆಯಲ್ಲೇ ಹೊಗೇನಕಲ್ ಇದೆ. ಕಾವೇರಿ ಧುಮುಕಿ ನೀರು ಹೊಗೆಯಂತೆ ಏಳುವ ಕಲ್ಲೆಂದು ಕನ್ನಡವೇ ಇಟ್ಟ ಹೆಸರು ಅದು. ಅಲ್ಲಿ ಹರಿಗೋಲು ಹಾಕುವವರು, ಎಣ್ಣೆ ತಿಕ್ಕುವವರು, ಮೀನು ಹುರಿದು ಮಾರುವವರು ದಿನದ ಗಳಿಕೆಯಲ್ಲಿ ಆ ದಿನವನ್ನು ನೂಕುವ ಜನ. ಜಲಪಾತ ಮುಚ್ಚಿದ ದಿನಗಳಲ್ಲಿ ಅವರ ಹರಿಗೋಲುಗಳು ದಡದಲ್ಲಿ ಬೋರಲಾಗಿ ಬಿದ್ದಿದ್ದವು. ನಮ್ಮ ಬೇಕಲದಲ್ಲೂ ಕೋಟೆಯ ಬಾಗಿಲಲ್ಲಿ ಎಳನೀರು, ಕಡಲೆ ಮಾರುವವರ ಸ್ಥಿತಿ ಇದಕ್ಕಿಂತ ಬೇರೆಯಾಗಿರಲಿಲ್ಲ. ಅವರಿಗಾಗಿ ತೆರೆದದ್ದು ಸರಿಯೇ. ತೆರೆಯುವ ಸಾಲಿನಲ್ಲಿ ರೋಗಿಯ ಸರದಿ ಎಲ್ಲಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ.

ಮಹಾಮಾರಿಯ ಕಾಲ ಕಳೆಯಿತು, ಠಾಣೆಗಳು ತೆರೆದವು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಠಾಣೆ ಇಂದಿಗೂ ಇದೆ. ಅದು ಆರೋಗ್ಯ ವಿಮೆಯದು. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಇದೆ. ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಮೂರೂ ಒಳ್ಳೆಯ ಯೋಜನೆಗಳೇ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಸಣ್ಣ ಮಾತಲ್ಲ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ 70 ವರ್ಷ ತುಂಬಿದ ಎಲ್ಲರಿಗೂ, ಆದಾಯದ ಲೆಕ್ಕ ನೋಡದೆ, ಇಷ್ಟೇ ಮೊತ್ತದ ರಕ್ಷಣೆಯನ್ನು ಘೋಷಿಸಿತು. ಕೇಂದ್ರದ ಯೋಜನೆಯಲ್ಲಿ ಒಂದು ರಾಜ್ಯದ ಚೀಟಿ ಇನ್ನೊಂದು ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯಬೇಕೆಂಬ ನಿಯಮವಿದೆ.

ನಿಯಮ ಕಾಗದದ ಮೇಲಿದೆ, ರೋಗಿ ಆಸ್ಪತ್ರೆಯ ಕಿಟಕಿಯ ಮುಂದಿದ್ದಾನೆ. ಮಾರಂಡಹಳ್ಳಿಯ ಆ ಯಜಮಾನರು ತಮ್ಮ ವಿಮಾ ಚೀಟಿಯನ್ನು ಬೆಂಗಳೂರಿನಲ್ಲಿ ತೋರಿಸಿದಾಗ, ಇದು ನಿಮ್ಮ ರಾಜ್ಯದ್ದು, ಇಲ್ಲಿ ನಡೆಯದು ಎಂಬ ಉತ್ತರ ಬಂತಂತೆ. ತಮ್ಮ ಚೀಟಿ ಕೇಂದ್ರದ ಪಟ್ಟಿಯದೋ ರಾಜ್ಯದ ಪಟ್ಟಿಯದೋ ಅವರಿಗೆ ಗೊತ್ತಿಲ್ಲ. ಕಿಟಕಿಯಲ್ಲಿ ಕುಳಿತವರು ಹೇಳಲೂ ಇಲ್ಲ. ಇನ್ನೊಂದು ಕೊರತೆಯನ್ನೂ ಹೇಳಬೇಕು. ಈ ವಿಮೆಗಳೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ ಇರುವಂಥವು. ಮುದುಕರ ಕೈ ಖಾಲಿಯಾಗುವುದು ಮಲಗಿದಾಗ ಮಾತ್ರವಲ್ಲ, ತಿಂಗಳು ತಿಂಗಳ ಮಾತ್ರೆಯಲ್ಲಿ, ತಪಾಸಣೆಯಲ್ಲಿ, ಬಸ್ಸಿನ ಖರ್ಚಿನಲ್ಲಿ. ಅದಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಪರಸ್ಥಳದಲ್ಲಿ ದುಡಿದು ಮುದುಕರಾದವರ ಪಾಡು ಇನ್ನೂ ಕಠಿಣ. ಮಾರಂಡಹಳ್ಳಿಯವರಿಗೆ ಪರಸ್ಥಳ ಬೆಂಗಳೂರಾದರೆ ನಮ್ಮ ಜಿಲ್ಲೆಯವರಿಗೆ ಅದು ಕೊಲ್ಲಿ ರಾಷ್ಟ್ರಗಳು. ವಲಸೆ ಪರವಾನಗಿ ಬೇಕಾದ ಕೆಲಸಗಾರರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿದೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಅಂಗ ಊನವಾದರೆ 10 ಲಕ್ಷ. ದುಡಿಯುವಾಗ ಬೀಳುವ ಅಪಾಯಕ್ಕೆ ಅದು ಸರಿ. ದುಡಿದು ದಣಿದು ಊರಿಗೆ ಬಂದವನ ಮಂಡಿನೋವಿಗೆ, ಹೃದಯಕ್ಕೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಧಣಿ ಮಾಡಿಸಿದ ವಿಮೆಯೂ ಕೆಲಸ ಮುಗಿದೊಡನೆ ಮುಗಿಯುತ್ತದೆ.

ಮಹಾಮಾರಿಯ ನಡುವೆಯೇ ಕುವೈತ್ ಒಂದು ನಿಯಮ ತಂದಿತ್ತು. 2021ರ ಜನವರಿಯಿಂದ, ವಿಶ್ವವಿದ್ಯಾಲಯದ ಪದವಿಯಿಲ್ಲದ, 60 ದಾಟಿದ ವಿದೇಶೀಯರ ಕೆಲಸದ ಪರವಾನಗಿಯನ್ನು ನವೀಕರಿಸುವುದಿಲ್ಲವೆಂದಿತು. ಒಂದು ವರ್ಷದ ಬಳಿಕ ಅದನ್ನು ಸಡಿಲಿಸಿ, ವರ್ಷಕ್ಕೆ 250 ದಿನಾರ್ ಶುಲ್ಕ ಮತ್ತು ಖಾಸಗಿ ಆರೋಗ್ಯ ವಿಮೆ ಎಂಬ ಷರತ್ತು ಹಾಕಿತು. ವಿಮೆಗೇ ಸುಮಾರು 500 ದಿನಾರ್. ಎರಡೂ ಸೇರಿ ಆಗಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಗೂ ಮೇಲೆ. ಅಂಗಡಿ, ಹೋಟೆಲು, ವಾಹನ ಚಾಲನೆ ಎಂದು ಪ್ರಾಯವನ್ನೆಲ್ಲ ಅಲ್ಲೇ ಕಳೆದವರಿಗೆ ಇದು ಹೊರಡು ಎಂಬ ಮಾತಿಗೆ ಸಮ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎಂಬ ಗಾದೆ ನೆನಪಾಗುತ್ತದೆ. ಪರದೇಶ ಹಾಗೆ ನಡೆದುಕೊಂಡರೆ ಆಶ್ಚರ್ಯವಿಲ್ಲ; ಅವರು ಕಳುಹಿಸಿದ ಹಣದಿಂದ ಮನೆ, ಶಾಲೆ, ಪೇಟೆ ಕಟ್ಟಿಕೊಂಡ ನಾವೂ ಹಾಗೆ ನಡೆದುಕೊಳ್ಳಬಹುದೇ?

ಕೇರಳ ಸರಕಾರ 2025ರಲ್ಲಿ ನೋರ್ಕಾ ಮೂಲಕ 'ನೋರ್ಕಾ ಕೇರ್' ಎಂಬ ವಿಮೆಯನ್ನು ಆರಂಭಿಸಿದೆ. 5 ಲಕ್ಷದ ಚಿಕಿತ್ಸೆ, ಅಪಘಾತಕ್ಕೆ 10 ಲಕ್ಷ. ವಿದೇಶದಲ್ಲಿರುವವರಿಗೆ ಮಾತ್ರವಲ್ಲದೆ ಇತರ ರಾಜ್ಯಗಳಲ್ಲಿರುವ ಕೇರಳೀಯರಿಗೂ ಅವಕಾಶ. ಇದು ಮೆಚ್ಚತಕ್ಕದ್ದು. ಆದರೆ ಸೇರಲು ವಯಸ್ಸಿನ ಮಿತಿ 70. ಮೊದಲು ರೂಪಿಸಿದಾಗ ಮರಳಿ ಬಂದವರಿಗೆ ಅದರಲ್ಲಿ ಸ್ಥಳವೂ ಇರಲಿಲ್ಲ. ಅದಕ್ಕಾಗಿ ಹೈಕೋರ್ಟಿನ ಮೆಟ್ಟಲು ಹತ್ತಬೇಕಾಯಿತು. ಖಾಸಗಿ ವಿಮೆಯ ಮಾತಿಗೆ ಬಂದರೆ, 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆಂಬ ಕಟ್ಟು 2024ರ ಏಪ್ರಿಲ್‌ನಿಂದ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ತೆರಿಗೆಯೂ ಹೋಗಿದೆ. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಎತ್ತರವೇ. ಎಪ್ಪತ್ತರ ಸಕ್ಕರೆ ರೋಗಿಗೆ ಕೇಳುವ ಕಂತನ್ನು ಪಿಂಚಣಿಯಿಲ್ಲದ ಅಚ್ಚುಮೊಳೆಯವರು ಎಲ್ಲಿಂದ ತರಬೇಕು?

ಒಂದು ರಾಜ್ಯದ ತೆರಿಗೆ ಹಣವನ್ನು ಇನ್ನೊಂದು ರಾಜ್ಯದ ಆಸ್ಪತ್ರೆಗೆ ಏಕೆ ಕೊಡಬೇಕೆಂದು ಕೇಳುವವರಿದ್ದಾರೆ. ನಮ್ಮಲ್ಲೇ ಆಸ್ಪತ್ರೆ ಕಟ್ಟುವುದು ಮೇಲಲ್ಲವೇ ಎಂಬುದು ಅವರ ಮಾತು. ಕಟ್ಟಲಿ, ಬೇಡವೆಂದವರಾರು? ಧರ್ಮಪುರಿಗೆ 2008ರಲ್ಲೇ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಕೃಷ್ಣಗಿರಿಗೆ 2022ರಲ್ಲಿ ಬಂದಿದೆ. ನಮ್ಮ ಉಕ್ಕಿನಡ್ಕದ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದು ಎಷ್ಟು ಕಾಲ ಕುಂಟಿತೆಂಬುದನ್ನು ವಾಚಕರೇ ಬಲ್ಲರು. ಆದರೆ ಆಸ್ಪತ್ರೆ ಬಂದ ಮಾತ್ರಕ್ಕೆ ಮುದುಕರ ದಾರಿ ಬದಲಾಗದು. ಮಕ್ಕಳಿರುವಲ್ಲಿ, ಹತ್ತು ವರ್ಷದ ದಾಖಲೆಗಳಿರುವಲ್ಲಿ, ತಮ್ಮ ಮಾತು ತಿಳಿಯುವಲ್ಲಿ ಅವರು ಹೋಗುತ್ತಾರೆ. ದುಡಿಯುವ ಪ್ರಾಯದಲ್ಲಿ ಬೆಂಗಳೂರು ಆ ಮನುಷ್ಯನ ಬೆವರನ್ನು ಪಡೆಯಿತು. ಆಗ ಯಾವ ರಾಜ್ಯದವನೆಂದು ಯಾರೂ ಕೇಳಲಿಲ್ಲ.

ಒಳ್ಳೆಯದು ನಡೆದ ಉದಾಹರಣೆಯೂ ಆ ಪ್ರದೇಶದಲ್ಲೇ ಇದೆ. 2021ರ ಆಗಸ್ಟ್ 5ರಂದು ತಮಿಳುನಾಡು ಸರಕಾರ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿ ಬರುವ ವೈದ್ಯ, ಎಂಬ ಯೋಜನೆಯನ್ನು ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿತು. ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಮನೆಬಾಗಿಲಿಗೆ ಬರುತ್ತವೆ. ಮಾರಂಡಹಳ್ಳಿಯ ಆ ತಾಯಿಗೂ ಈಗ ಮಾತ್ರೆ ಮನೆಗೇ ಬರುತ್ತಿದೆ. ಮನಸ್ಸು ಮಾಡಿದರೆ ಸರಕಾರವೇ ಮುದುಕರ ಬಳಿಗೆ ನಡೆದು ಬರಬಲ್ಲುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದುದರಿಂದ ನಮ್ಮ ಸಲಹೆಗಳು ಮೂರು. ಮೊದಲನೆಯದು, ಮುಂದೆ ಎಂಥ ಕಾರಣಕ್ಕೆ ಗಡಿ ಮುಚ್ಚಿದರೂ ವೈದ್ಯರ ಒಂದು ಪತ್ರವೇ ರೋಗಿಗೆ ರಹದಾರಿಯಾಗಬೇಕು. ತುರ್ತೋ ಅಲ್ಲವೋ ಎಂಬುದನ್ನು ವೈದ್ಯರು ನಿರ್ಧರಿಸಲಿ, ಠಾಣೆಯಲ್ಲ. ಕಾಯಿಲೆ ಬರುವ ಮುನ್ನವೇ ನೆರೆ ರಾಜ್ಯಗಳು ಇದನ್ನು ಬರೆದಿಟ್ಟುಕೊಳ್ಳಲಿ. ಎರಡನೆಯದು, ಧರ್ಮಪುರಿ, ಕೃಷ್ಣಗಿರಿಯವರಿಗೆ ಬೆಂಗಳೂರಿನಲ್ಲೂ, ಕಾಸರಗೋಡಿನವರಿಗೆ ಮಂಗಳೂರಿನಲ್ಲೂ ಸರಕಾರಿ ವಿಮಾ ಚೀಟಿ ತಡೆಯಿಲ್ಲದೆ ನಡೆಯಬೇಕು. ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂಬ ಪಟ್ಟಿ ಕನ್ನಡದಲ್ಲೂ ಪಂಚಾಯತು ಕಚೇರಿಯ ಗೋಡೆಯಲ್ಲಿರಬೇಕು. ಮೂರನೆಯದು, ಹೊರಗೆ ದುಡಿಯುವವರಿಂದ ದುಡಿಮೆಯ ಕಾಲದಲ್ಲೇ ಸಣ್ಣ ಕಂತು ಪಡೆದು, ಮುದಿತನದಲ್ಲಿ ವಯಸ್ಸಿನ ಮಿತಿಯಿಲ್ಲದೆ, ಮಾತ್ರೆ ತಪಾಸಣೆಗಳಿಗೂ ಒದಗುವ ವಿಮೆ ಬೇಕು. ಹೊರನಾಡ ಕನ್ನಡಿಗರ ವಿಷಯದಲ್ಲಿ ಕರ್ನಾಟಕ ಸರಕಾರವೂ ಇದನ್ನು ಯೋಚಿಸಬೇಕು. ರಾಜ್ಯೋತ್ಸವದ ದಿನ ನಮ್ಮನ್ನು ನೆನೆಯುವುದು ಸಂತೋಷ. ಕಾಯಿಲೆಯ ದಿನ ನೆನೆಯುವುದು ಉಪಕಾರ.

ನಾವು ಮಾರಂಡಹಳ್ಳಿಯಿಂದ ಹೊರಟಾಗ ಆ ಹಿರಿಯರು ನಿಲ್ದಾಣದವರೆಗೂ ಬಂದರು. ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಬಟ್ಟೆಚೀಲವಿತ್ತು. ಮರುವಾರ ಹೆಂಡತಿಯ ಉಳಿದ ಕಣ್ಣನ್ನು ತೋರಿಸಲು ಬೆಂಗಳೂರಿಗೆ ಹೋಗಬೇಕು, ಟಿಕೇಟು ವಿಚಾರಿಸುತ್ತೇನೆ ಎಂದರು. ಆ ಉಳಿದ ಕಣ್ಣಾದರೂ ಉಳಿಯಬೇಕು. ಸಂಬಂಧಪಟ್ಟವರು ಇನ್ನೊಂದು ಮಹಾಮಾರಿಗೆ ಕಾಯದೆ ಇತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.