ಎರಡು ಬಾವಿಗೆ ಒಂದೇ ಫಿಲ್ಟರ್ ಬೇಡ

ಉಚ್ಚಿಲದ ಕಡಲ ಬದಿಯ ಬಾವಿಗೂ ಹೆದ್ದಾರಿಯಿಂದ ಮೂಡಕ್ಕಿರುವ ಮುರಕಲ್ಲಿನ ಬಾವಿಗೂ ಒಂದೇ ಆರ್‌ಒ ಹೇಳುವವರನ್ನು ನಂಬಬೇಡಿ. ಕಡಲ ಬದಿಯಲ್ಲಿ ಏಪ್ರಿಲ್-ಮೇ ಬಂತೆಂದರೆ ಎಷ್ಟೋ ಬಾವಿಗೆ ಉಪ್ಪು ನುಗ್ಗುತ್ತದೆ. ಕುದಿಸಿದರೆ ಉಪ್ಪು ಹೋಗೋದಿಲ್ಲ, ಅಲ್ಲಿ ಆರ್‌ಒ ಬೇಕೇ ಬೇಕು. ಮುರಕಲ್ಲಿನ ಬಾವಿಯಲ್ಲಿ ಸಾಮಾನ್ಯವಾಗಿ ಲವಣವೇ ಕಮ್ಮಿ. ಅಲ್ಲಿನ ಭಯ ಮಳೆಗಾಲದಲ್ಲಿ ಶೌಚಗುಂಡಿಯಿಂದ ಇಳಿಯುವ ರೋಗಾಣುವಿನದ್ದು. ಅದಕ್ಕೆ ಯುವಿ ಸಾಕು, ಚೆನ್ನಾಗಿ ಕುದಿಸಿದರೂ ಆಯ್ತು.

ಟಿಡಿಎಸ್ ಮೀಟರ್ ಹಿಡಿದು ನೋಡಿ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಲವಣದ ಲೆಕ್ಕದಲ್ಲಿ ಕುಡಿಯಲು ಅಡ್ಡಿಯಿಲ್ಲ. ಆದರೆ ಆ ಮೀಟರ್ ರೋಗಾಣು ತೋರಿಸೋದಿಲ್ಲ, ಅದಕ್ಕೆ ಪ್ರಯೋಗಾಲಯಕ್ಕೇ ಕೊಡಬೇಕು. ಮನೆಯ ಆರ್‌ಒ ಒಂದು ಲೀಟರ್ ಕೊಡುವಾಗ ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ. ಬೇಡದಿದ್ದಲ್ಲಿ ಅದನ್ನು ಇಟ್ಟರೆ ಮೇ ತಿಂಗಳಲ್ಲಿ ಬಾವಿ ಬತ್ತುವಾಗ ಅಳಬೇಕಾದೀತು.

ಅಲಂಕಾರಿಕ ಮೀನು ಸಾಕುವವರು ಅದೇ ಆರ್‌ಒ ನೀರನ್ನು ಟ್ಯಾಂಕಿಗೆ ಹಾಗೇ ಸುರಿಯಬೇಡಿ, ಮೀನಿಗೆ ಬೇಕಾದ ಲವಣವೂ ಅದರಲ್ಲಿ ಉಳಿದಿರೋದಿಲ್ಲ. ಕ್ಲೋರಿನ್ ಹಾಕಿದ ನಳ್ಳಿ ನೀರಾದರೆ ಒಂದು ದಿನ ತೆರೆದಿಡಿ. ತಮಾಷೆಯೆಂದರೆ, ನಾವು ಬಾಯಿಗಿಡಲಾಗದ ಚಪ್ಪೆ-ಉಪ್ಪು ನೀರಿನಲ್ಲಿ ಮೋಲಿ ಮೀನು ಆರಾಮಾಗಿ ಮರಿ ಹಾಕುತ್ತದೆ!